ಕಿವಿ, ಚೆವಿ ಮತ್ತು ಒಂದು ಹಳೆಯ ವಾದ: ನನ್ನ ಅನುಭವ

ಕನ್ನಡ ತಮಿಳಿನಿಂದ ಹುಟ್ಟಿತೇ ಎಂಬ ಪ್ರಶ್ನೆಯನ್ನು ಕನ್ನಡ ಅಧ್ಯಾಪಕನಾಗಿ ನಾನು ಎಷ್ಟು ಸಲ ಎದುರಿಸಿದ್ದೇನೋ ಲೆಕ್ಕವಿಲ್ಲ. 2025ರ ಮೇ ತಿಂಗಳಲ್ಲಿ ಹೆಸರಾಂತ ತಮಿಳು ನಟರೊಬ್ಬರು ಚೆನ್ನೈನ ಸಮಾರಂಭವೊಂದರಲ್ಲಿ ಹೌದೆಂಬಂತೆ ಮಾತನಾಡಿದಾಗ ನಾಡಿನಲ್ಲಿ ಎದ್ದ ಕೋಲಾಹಲ ಎಲ್ಲರಿಗೂ ನೆನಪಿದೆ. ಆ ದಿನಗಳಲ್ಲಿ ವಿದ್ಯಾರ್ಥಿಗಳ ಮುಂದೆ ನಾನು ಇಟ್ಟ ವಾದ ಅಂದು ಹೊಳೆದದ್ದಲ್ಲ. ಅದಕ್ಕೆ ಹಲವು ವರ್ಷಗಳ ಹಿಂದೆ, ಅಧ್ಯಾಪಕರ ಕೊಠಡಿಯಲ್ಲಿ ನಾನು ಸೋತ ಒಂದು ಮಧ್ಯಾಹ್ನದಿಂದ ಅದು ಬೆಳೆಯತೊಡಗಿತು.

ಗಣಿತ ವಿಭಾಗದ ನನ್ನ ಸಹೋದ್ಯೋಗಿಯೊಬ್ಬರ ಮನೆಮಾತು ತಮಿಳು. ಧರ್ಮಪುರಿ ಕಡೆಯವರು, ಕನ್ನಡವನ್ನು ನಮ್ಮಷ್ಟೇ ಸರಾಗವಾಗಿ ಆಡುವವರು. ಮಾತು ಭಾಷೆಯ ಹುಟ್ಟಿನತ್ತ ತಿರುಗಿದಾಗ ನಾನು ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನವನ್ನು ಹೇಳಿದೆ, 9ನೆಯ ಶತಮಾನದ ಕವಿರಾಜಮಾರ್ಗವನ್ನು ಹೇಳಿದೆ, ಕಾವೇರಿಯಿಂದ ಗೋದಾವರಿವರೆಗೆ ಹಬ್ಬಿದ್ದ ನಾಡನ್ನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, “ಸರ್, ಇದನ್ನೆಲ್ಲ ನಾನು ಒಪ್ಪುತ್ತೇನೆ. ಆದರೆ ತಮಿಳು ಬ್ರಾಹ್ಮಿ ಶಾಸನಗಳು ಕ್ರಿಸ್ತಪೂರ್ವದಿಂದಲೇ ಸಿಗುತ್ತವೆ. ನಿಮ್ಮದು ಹಳೆಯದು ಎಂದು ನೀವು ತೋರಿಸಿದಷ್ಟೂ ನಮ್ಮದು ಇನ್ನೂ ಹಳೆಯದು ಎಂದಾಗುವುದಿಲ್ಲವೇ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಮೊದಲು ಬರೆದಿಟ್ಟ ಭಾಷೆಯೇ ತಾಯಿ ಎಂಬುದನ್ನು ಒಪ್ಪಿಕೊಂಡೇ ನಾನು ವಾದಕ್ಕೆ ಇಳಿದಿದ್ದೆ. ಆ ಅಳತೆಗೋಲಿನಲ್ಲಿ ಗೆಲ್ಲುವುದು ಸಾಧ್ಯವೇ ಇರಲಿಲ್ಲ.

ಒಂದು ನಾಡಿನಲ್ಲಿ ಬರವಣಿಗೆ ಯಾವಾಗ ಶುರುವಾಯಿತು ಎಂಬುದು ಒಂದು ಪ್ರಶ್ನೆ, ಅಲ್ಲಿನ ಭಾಷೆ ಯಾವುದರಿಂದ ಕವಲೊಡೆಯಿತು ಎಂಬುದು ಬೇರೆಯದೇ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಶಾಸನದ ಕಾಲದಲ್ಲಿಲ್ಲ, ಧ್ವನಿಗಳು ಕ್ರಮಬದ್ಧವಾಗಿ ಬದಲಾಗುವ ರೀತಿಯಲ್ಲಿದೆ. 1816ರಲ್ಲಿ ಮದರಾಸಿನ ಬ್ರಿಟಿಷ್ ಅಧಿಕಾರಿ ಎಲ್ಲಿಸ್ ಮತ್ತು 1856ರಲ್ಲಿ ಮಿಷನರಿ ವಿದ್ವಾಂಸ ಕಾಲ್ಡ್‌ವೆಲ್ ದಕ್ಷಿಣದ ಭಾಷೆಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಅವುಗಳದೇ ಬೇರೆ ಕುಟುಂಬ ಎಂದು ತೋರಿಸಿಕೊಟ್ಟದ್ದನ್ನು ನಾನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತಿದ್ದೆ. ಆದರೂ ವಾದದ ಬಿಸಿಯಲ್ಲಿ ಆ ಕುಟುಂಬದೊಳಗಿನ ಸಂಬಂಧವನ್ನು ಅದೇ ಕ್ರಮದಿಂದ ನೋಡಬೇಕೆಂಬುದನ್ನು ಮರೆತಿದ್ದೆ.

ಮುಂದಿನ ಸಲ ಕುಳಿತಾಗ ನಾನು ಒಂದು ಹಾಳೆಯನ್ನು ಮೇಜಿನ ಮೇಲಿಟ್ಟು, ತಮಿಳಿನ ಪರವಾದ ಸಾಕ್ಷ್ಯವನ್ನೇ ಮೊದಲು ಬರೆದೆ. ತಮಿಳಿನಲ್ಲಿ ಪಾಲ್, ಪುಲಿ, ಪತ್ತು. ನಮ್ಮಲ್ಲಿ ಹಾಲು, ಹುಲಿ, ಹತ್ತು. ಇಲ್ಲಿ ಹಳೆಯ ‘ಪ’ಕಾರವನ್ನು ಉಳಿಸಿಕೊಂಡದ್ದು ತಮಿಳು, ಬದಲಾದದ್ದು ನಾವು. 10ನೆಯ ಶತಮಾನದ ಪಂಪನಲ್ಲಿಯೂ ಅದು ಪಾಲ್, ಪುಲಿಯೇ. ಇದನ್ನು ನಾನಾಗಿಯೇ ಬರೆದದ್ದರಿಂದ ಮುಂದಿನ ಸಾಲನ್ನು ಅವರು ಅನುಮಾನವಿಲ್ಲದೆ ನೋಡಿದರು. ಎದುರಿನವರ ನಿಜವಾದ ಬಲವನ್ನು ನಾವೇ ಮೊದಲು ಹೇಳಿದರೆ ಅವರು ಅದನ್ನು ಕಾಪಾಡಿಕೊಳ್ಳಲು ಹೆಣಗಬೇಕಾಗುವುದಿಲ್ಲ, ಮನಸ್ಸು ಕೇಳಲು ಬಿಡುವಾಗುತ್ತದೆ ಎಂಬುದು ನನಗೆ ಅಂದು ತಿಳಿಯಿತು.

ಅದರ ಕೆಳಗೆ ಬರೆದೆ: ಕಿವಿಗೆ ತಮಿಳಿನಲ್ಲಿ ಚೆವಿ, ‘ಮಾಡು’ ಎಂಬ ಅರ್ಥದ ಹಳಗನ್ನಡದ ಕೆಯ್ ಅಥವಾ ಗೆಯ್‌ಗೆ ಚೆಯ್, ಕಿರಿಯಗೆ ಚಿರಿಯ. ಇ, ಎ ಸ್ವರಗಳಿಗೆ ಮೊದಲು ಬರುವ ಹಳೆಯ ‘ಕ’ಕಾರ ತಮಿಳಿನಲ್ಲಿ ‘ಚ’ಕಾರವಾಗಿದೆ, ಕನ್ನಡದಲ್ಲಿ ಉಳಿದಿದೆ. “ತಮಿಳಿನ ಚಕಾರವನ್ನೇ ನೀವು ಕಕಾರ ಮಾಡಿಕೊಂಡಿರಬಾರದೇಕೆ?” ಎಂದು ಅವರು ಕೇಳಿದರು. ಸಿಕ್ಕು ಎಂಬ ಪದವನ್ನು ತೋರಿಸಿದೆ. ತಮಿಳಿನಲ್ಲಿ ಅದು ಚಿಕ್ಕು, ಅಲ್ಲಿ ಚಕಾರ ಮೊದಲಿನಿಂದಲೂ ಇದ್ದದ್ದು. ತಮಿಳಿನ ಚಕಾರದಿಂದ ನಮ್ಮ ಕಕಾರ ಬಂದಿದ್ದರೆ ನಾವು ಇಂದು ಕಿಕ್ಕು ಎನ್ನಬೇಕಿತ್ತು. ಚೆವಿಯ ಚಕಾರ ಕಕಾರದಿಂದ ಬಂದದ್ದು, ಚಿಕ್ಕುವಿನದು ಹಾಗಲ್ಲ ಎಂಬುದು ತಮಿಳನ್ನು ಮಾತ್ರ ಕೇಳಿದವರಿಗೆ ತಿಳಿಯುವ ಮಾರ್ಗವೇ ಇಲ್ಲ. ಕನ್ನಡ ಈ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಂಡಿದೆ. ಎರಡೂ ಒಂದಾಗುವ ಮೊದಲೇ ಕನ್ನಡದ ದಾರಿ ಬೇರೆಯಾಗಿರದಿದ್ದರೆ ಇದು ಆಗುತ್ತಿರಲಿಲ್ಲ. ತಮಿಳಿನ ಅತ್ಯಂತ ಹಳೆಯ ಕಾವ್ಯಗಳಲ್ಲಿಯೂ ಕಿವಿ ಎಂದರೆ ಚೆವಿಯೇ. ಆದ್ದರಿಂದ ಬರಹದಲ್ಲಿ ನಮಗೆ ದೊರೆತಿರುವ ಆ ತಮಿಳು ಕನ್ನಡಕ್ಕೆ ತಾಯಿಯಾಗಲಾರದು.

ಅವರು ಹಾಳೆಯನ್ನು ತಮ್ಮತ್ತ ಎಳೆದುಕೊಂಡು ‘ಕಿಳಿ’ ಎಂದು ಬರೆದರು. “ನಮ್ಮಲ್ಲಿ ಗಿಳಿ ಕಿಳಿಯೇ, ಚಿಳಿ ಅಲ್ಲ. ಕೇಳು, ಕೆಡು ಎಂಬವೂ ಹಾಗೆಯೇ ಉಳಿದಿವೆ. ನಿಮ್ಮ ನಿಯಮ ಎಲ್ಲಿ ಹೋಯಿತು?” ಎಂದರು. ಬಾಯಿಗೆ ಬಂದ ಸಮಜಾಯಿಷಿ ಕೊಡುವ ಆಸೆಯಾಯಿತು. ಕೊಡದೆ, ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದೆ. ವಾರದ ನಂತರ ಉತ್ತರದೊಂದಿಗೆ ಹೋದೆ: ಆ ಸ್ವರದ ನಂತರ ಳ, ಡ, ೞದಂತಹ ಮೂರ್ಧನ್ಯ ಧ್ವನಿ (ನಾಲಿಗೆಯ ತುದಿಯನ್ನು ಮೇಲಕ್ಕೆ ಮಡಚಿ ಉಚ್ಚರಿಸುವ ಧ್ವನಿ) ಇದ್ದಲ್ಲಿ ತಮಿಳಿನಲ್ಲಿ ಈ ಬದಲಾವಣೆ ನಡೆಯುವುದಿಲ್ಲ, ಕಿಳಿ, ಕೇಳ್, ಕೆಡು, ಕೀೞ್ ಎಲ್ಲವೂ ಆ ಗುಂಪಿನವು. ಅವರು ಎತ್ತಿದ ಆಕ್ಷೇಪವೇ ನಿಯಮವನ್ನು ಇನ್ನಷ್ಟು ನಿಖರಗೊಳಿಸಿತು. ಗಣಿತದವರಾದ್ದರಿಂದ ಅದರ ಬೆಲೆ ಅವರಿಗೆ ನನಗಿಂತ ಬೇಗ ತಿಳಿಯಿತು. ಹಾಗಾದರೆ ಚಕಾರ ಬರುವುದಕ್ಕೂ ಮೊದಲಿನ ಭಾಷೆಯನ್ನು ಹಳೆಯ ತಮಿಳು ಎಂದೇ ಕರೆಯಬಹುದಲ್ಲ ಎಂದು ಅವರು ಕೊನೆಗೆ ಕೇಳಿದರು. ಹಾಗೆ ಕರೆಯುವುದಾದರೆ ಅಷ್ಟೇ ಹಕ್ಕಿನಿಂದ ಹಳೆಯ ಕನ್ನಡ ಎಂದೂ ಕರೆಯಬಹುದು, ಕನ್ನಡ, ತಮಿಳು ಕವಲೊಡೆಯುವ ಮೊದಲಿನ ಭಾಷೆಗೆ ಮೂಲ ದಕ್ಷಿಣ ದ್ರಾವಿಡ ಎಂಬ ಹೆಸರು ಇರುವುದು ಅದಕ್ಕಾಗಿಯೇ ಎಂದೆ. ಅದನ್ನು ಅವರು ಒಪ್ಪಿದರು.

ಕನ್ನಡಿಗರ ಸಭೆಯಲ್ಲಿ ಇದನ್ನೇ ಹೇಳುವುದು ಹೆಚ್ಚು ಕಷ್ಟವಾಯಿತು. ಒಂದು ರಾಜ್ಯೋತ್ಸವದ ವೇದಿಕೆಯಲ್ಲಿ ತಮಿಳಿನ ಬರಹದ ಪ್ರಾಚೀನತೆಯನ್ನೂ ಪಕಾರವನ್ನೂ ಒಪ್ಪಿ ಮಾತು ಆರಂಭಿಸಿದಾಗ ಸಭೆಯಲ್ಲಿ ಗುಜುಗುಜು ಎದ್ದಿತು. ಆ ಭಾಗವನ್ನು ಬಿಟ್ಟುಬಿಡಿ ಎಂದು ಹಿತೈಷಿಗಳು ನಂತರ ಹೇಳಿದರು. ನಾನು ಬಿಡಲಿಲ್ಲ, ಏಕೆಂದರೆ ನಮಗೆ ಹಿತವಾದ ಪದಗಳನ್ನಷ್ಟೇ ಆಯ್ದು ತೋರಿಸುವ ವಾದವನ್ನು ತಮಿಳುನಾಡಿನ ಹೊಸೂರಿನಲ್ಲಿ ಯಾರೂ ಕೇಳುವುದಿಲ್ಲ, ಮೈಸೂರಿನಲ್ಲಿ ಮಾತ್ರ ಗೆಲ್ಲುವ ವಾದ ನನಗೆ ಬೇಕಾಗಿಲ್ಲ.

2025ರ ಆ ಗದ್ದಲದ ವಾರಗಳಲ್ಲಿ ಕಪ್ಪುಹಲಗೆಯ ಮೇಲೆ ಕಿವಿ, ಚೆವಿ ಎಂದು ಬರೆದು ತಿರುಗುವಷ್ಟರಲ್ಲಿ ಪುತ್ತೂರಿನ ವಿದ್ಯಾರ್ಥಿನಿಯೊಬ್ಬಳು ಎದ್ದು, “ಸರ್, ತುಳುವಿನಲ್ಲಿ ಕೆಬಿ” ಎಂದಳು. ಹಿಂದಿನ ಸಾಲಿನಿಂದ ಮಡಿಕೇರಿಯ ಹುಡುಗ, “ನಮ್ಮಲ್ಲಿ ಕೆವಿ, ಸರ್” ಎಂದ. ಕೊಡವ ಭಾಷೆ ಹಲವು ವಿಷಯಗಳಲ್ಲಿ ಕನ್ನಡಕ್ಕಿಂತ ತಮಿಳಿಗೇ ಹತ್ತಿರವೆಂದು ಭಾಷಾವಿಜ್ಞಾನಿಗಳು ಗುರುತಿಸುತ್ತಾರೆ. ಅಷ್ಟು ಹತ್ತಿರದ ಭಾಷೆಯೂ ಕಕಾರವನ್ನು ಬಿಟ್ಟಿಲ್ಲ. ಎರಡು ಪದಗಳನ್ನೂ ಹಲಗೆಯ ಮೇಲೆ ಬರೆದು, ತಮಿಳಿನಲ್ಲಿ ಚಕಾರ ಬಂದದ್ದು ಯಾವ ಕವಲು ಒಡೆದ ಮೇಲೆ ಎಂಬ ಪ್ರಶ್ನೆಯನ್ನು ಅಂದು ತರಗತಿಗೇ ಬಿಟ್ಟೆ.