ಮಗಳಿಗೆ ಲಸಿಕೆ, ತಾಯಿಗೆ ತಪಾಸಣೆ: ಗರ್ಭಕಂಠದ ಕ್ಯಾನ್ಸರ್ ಬಾರದಂತೆ ತಡೆಯುವ ಬಗೆ

ಗರ್ಭಕೋಶ ಕೆಳಗೆ ಕಿರಿದಾಗುತ್ತಾ ಬಂದು ಯೋನಿಯನ್ನು ಸೇರುವ ಭಾಗವೇ ಗರ್ಭಕಂಠ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ, 2022ರಲ್ಲಿ ಭಾರತದ ಸುಮಾರು 1.27 ಲಕ್ಷ ಮಹಿಳೆಯರಲ್ಲಿ ಈ ಭಾಗದ ಕ್ಯಾನ್ಸರ್ ಹೊಸದಾಗಿ ಕಾಣಿಸಿಕೊಂಡಿತು ಮತ್ತು ಸುಮಾರು 80 ಸಾವಿರ ಮಂದಿ ಇದರಿಂದ ತೀರಿಕೊಂಡರು. ಈ ಸಾವುಗಳಲ್ಲಿ ಬಹುಪಾಲು ತಪ್ಪಿಸಬಹುದಾಗಿದ್ದವು ಎಂಬುದೇ ಹೆಚ್ಚು ನೋವಿನ ಸಂಗತಿ. ಸೋಂಕು ತಗಲಿದ ದಿನದಿಂದ ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಈ ದೀರ್ಘ ಅವಧಿಯಲ್ಲಿ ಎರಡು ಕಡೆ ರೋಗವನ್ನು ತಡೆದು ನಿಲ್ಲಿಸಬಹುದು: ಸೋಂಕು ತಗಲುವ ಮುನ್ನ ಲಸಿಕೆಯಿಂದ, ತಗಲಿದ ಮೇಲೆ ತಪಾಸಣೆಯಿಂದ.

ಹೆಚ್ಚುಕಡಿಮೆ ಎಲ್ಲ ಗರ್ಭಕಂಠದ ಕ್ಯಾನ್ಸರ್‌ಗಳಿಗೂ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ, ಕಾರಣ. ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಸುರ್ ಹೌಸೆನ್ ಇದನ್ನು ಕಂಡುಹಿಡಿದದ್ದಕ್ಕೆ 2008ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಲೈಂಗಿಕ ಸಂಪರ್ಕದಲ್ಲಿ ಚರ್ಮಕ್ಕೆ ಚರ್ಮ ತಾಗಿದರೆ ಹರಡುವ ಈ ವೈರಸ್ ದಾಂಪತ್ಯ ಜೀವನ ನಡೆಸುವ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ಕಾಲದಲ್ಲಿ ತಗಲಿರುತ್ತದೆ. ಹತ್ತರಲ್ಲಿ ಒಂಬತ್ತು ಸೋಂಕುಗಳನ್ನು ದೇಹವೇ ಎರಡು ವರ್ಷದೊಳಗೆ ಹೊರಹಾಕುತ್ತದೆ. ಉಳಿದುಕೊಂಡದ್ದು ಮಾತ್ರ ತೊಂದರೆಗೆ ದಾರಿಯಾಗುತ್ತದೆ. ವೈರಸ್ ಎಷ್ಟೋ ವರ್ಷ ಸದ್ದಿಲ್ಲದೆ ಇರಬಲ್ಲದಾದ್ದರಿಂದ, ಸೋಂಕಿದೆ ಎಂಬ ವರದಿಯನ್ನು ಹಿಡಿದು ಗಂಡ ಹೆಂಡತಿಯನ್ನಾಗಲಿ, ಹೆಂಡತಿ ಗಂಡನನ್ನಾಗಲಿ ಸಂಶಯಿಸುವುದಕ್ಕೆ ಯಾವ ಆಧಾರವೂ ಇಲ್ಲ. ಈ ಮಾತನ್ನು ಮನೆಯವರೆಲ್ಲರೂ ಮೊದಲೇ ತಿಳಿದಿರುವುದು ಒಳ್ಳೆಯದು.

ಲಸಿಕೆಗೆ ಸರಿಯಾದ ವಯಸ್ಸು 9ರಿಂದ 14. ‘ಇಷ್ಟು ಚಿಕ್ಕವಳಿಗೆ ಯಾಕೆ?’ ಎಂದು ಅಜ್ಜಿಯರೂ ಅತ್ತೆಯರೂ ಕೇಳುವುದು ಸಹಜ. ಬಂದ ಸೋಂಕನ್ನು ಲಸಿಕೆ ವಾಸಿಮಾಡಲಾರದು, ಬಾರದಂತೆ ಮಾತ್ರ ತಡೆಯಬಲ್ಲದು. ಅಲ್ಲದೆ ಈ ವಯಸ್ಸಿನಲ್ಲಿ ದೇಹ ಹೆಚ್ಚು ಬಲವಾದ ರೋಗನಿರೋಧಕ ಶಕ್ತಿಯನ್ನು ಬೆಳೆಸಿಕೊಳ್ಳುತ್ತದೆ. ಸ್ಕಾಟ್ಲೆಂಡಿನಲ್ಲಿ 12–13ನೆಯ ವಯಸ್ಸಿಗೆ ಲಸಿಕೆ ಪಡೆದ ಹುಡುಗಿಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 2024ರಲ್ಲಿ ಪ್ರಕಟವಾಯಿತು. ಅವರಲ್ಲಿ ಒಬ್ಬರಿಗೂ ಗರ್ಭಕಂಠದ ಕ್ಯಾನ್ಸರ್ ಬಂದಿರಲಿಲ್ಲ.

ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸುವ ಸರ್ವಾವ್ಯಾಕ್ ಲಸಿಕೆ 2023ರಿಂದ ನಮ್ಮಲ್ಲಿ ಸಿಗುತ್ತಿದೆ. ಎಚ್‌ಪಿವಿಯಲ್ಲಿ ಹಲವು ಬಗೆಗಳಿದ್ದು, ಕ್ಯಾನ್ಸರ್‌ಗೆ ಮುಖ್ಯ ಕಾರಣವಾದ 16 ಮತ್ತು 18ನೆಯ ಬಗೆಗಳ ಜೊತೆಗೆ, ಜನನಾಂಗದ ನರುಲಿಗಳನ್ನು ಉಂಟುಮಾಡುವ 6 ಮತ್ತು 11ನೆಯ ಬಗೆಗಳನ್ನೂ ಅದು ತಡೆಯುತ್ತದೆ. ಒಂಬತ್ತು ಬಗೆಗಳನ್ನು ತಡೆಯುವ ಗಾರ್ಡಸಿಲ್ 9 ಇನ್ನಷ್ಟು ದುಬಾರಿ. ಯಾವುದು ಉತ್ತಮವೆಂದು ತೂಗುತ್ತಾ ವರ್ಷ ಕಳೆಯುವುದಕ್ಕಿಂತ, ಕೈಗೆಟಕುವುದನ್ನು ಹೊತ್ತಿಗೆ ಸರಿಯಾಗಿ ಹಾಕಿಸುವುದೇ ಲೇಸು. ನಮ್ಮ ಖಾಸಗಿ ಆಸ್ಪತ್ರೆಗಳಲ್ಲಿ 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್, 15ರಿಂದ 26 ವರ್ಷದವರಿಗೆ ಆರು ತಿಂಗಳ ಅವಧಿಯಲ್ಲಿ ಮೂರು ಡೋಸ್ ಕೊಡುವುದು ರೂಢಿ. ಎರಡನೆಯ ಡೋಸ್ ತಡವಾದರೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಬಿಟ್ಟಲ್ಲಿಂದ ಮುಂದುವರಿಸಿದರೆ ಸಾಕು. ಹುಡುಗಿಯರಿಗೆ ಒಂದೇ ಡೋಸ್ ಕೊಟ್ಟರೂ ನಡೆಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಭಾರತದಲ್ಲೇ ಹತ್ತು ವರ್ಷ ನಡೆದ ಅಧ್ಯಯನದಲ್ಲಿ, ಒಂದು ಡೋಸ್ ಪಡೆದವರಿಗೂ 16 ಮತ್ತು 18ರ ದೀರ್ಘಕಾಲದ ಸೋಂಕಿನಿಂದ ಸುಮಾರು ಶೇ. 95ರಷ್ಟು ರಕ್ಷಣೆ ಸಿಕ್ಕಿತ್ತು. ಆದ್ದರಿಂದ ಸರ್ಕಾರಿ ಕಾರ್ಯಕ್ರಮದಲ್ಲಿ ಒಂದೇ ಡೋಸ್ ಸಿಕ್ಕರೆ ಅದನ್ನು ಅರೆಬರೆ ಲಸಿಕೆಯೆಂದು ಭಾವಿಸಬೇಡಿ. ನಿಮ್ಮ ಊರಿನಲ್ಲಿ ಉಚಿತವಾಗಿ ಸಿಗುತ್ತದೆಯೇ ಎಂಬುದನ್ನು ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿದುಕೊಂಡ ನಂತರವೇ ಹಣ ಹೊಂದಿಸಲು ಹೊರಡಿ. ಎಚ್‌ಐವಿ ಇರುವವರು ಮತ್ತು ರೋಗನಿರೋಧಕ ಶಕ್ತಿ ಕುಗ್ಗಿದವರು ಮಾತ್ರ ಸಾಧ್ಯವಾದರೆ ಮೂರು ಡೋಸ್ ಪಡೆಯಬೇಕು. ಗಂಡುಮಕ್ಕಳಿಗೂ ಈ ಲಸಿಕೆ ಕೊಡಬಹುದು. ಹಣ ಒಬ್ಬರಿಗೆ ಮಾತ್ರ ಸಾಲುವುದಾದರೆ ಮೊದಲು ಮಗಳಿಗೆ ಹಾಕಿಸಿ.

ಲಸಿಕೆಯ ದಿನ ಹುಡುಗಿ ಊಟ ಮಾಡಿಕೊಂಡು ಹೋಗಲಿ. ತೋಳಿಗೆ ಚುಚ್ಚುಮದ್ದು ಕೊಡಿಸಿದ ಮೇಲೆ ಹದಿನೈದು ನಿಮಿಷ ಅಲ್ಲೇ ಕೂರಿಸಿಕೊಳ್ಳಿ, ಏಕೆಂದರೆ ಈ ವಯಸ್ಸಿನವರಲ್ಲಿ ಕೆಲವರಿಗೆ ಸೂಜಿಯ ಹೆದರಿಕೆಗೇ ತಲೆಸುತ್ತು ಬರುತ್ತದೆ. ತೋಳು ನೋವು, ಸಣ್ಣ ಜ್ವರ ಒಂದೆರಡು ದಿನದಲ್ಲಿ ಕಡಿಮೆಯಾಗುತ್ತವೆ. ಮುಟ್ಟಿನ ದಿನವಾದರೂ ಹಾಕಿಸಬಹುದು. ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ, ಆದ್ದರಿಂದ ಅದರಿಂದಲೇ ಸೋಂಕು ಬರುವ ಪ್ರಶ್ನೆಯಿಲ್ಲ. ಮುಂದೆ ಮಕ್ಕಳಾಗುವುದಿಲ್ಲ ಎಂಬ ಮಾತಿಗೂ ಪುರಾವೆಯಿಲ್ಲ. ಗರ್ಭಿಣಿಯರು ಹೆರಿಗೆಯವರೆಗೆ ಮುಂದೂಡಬೇಕು. ಹಿಂದೆ ಯಾವುದಾದರೂ ಲಸಿಕೆಯಿಂದ ತೀವ್ರ ಅಲರ್ಜಿ ಆಗಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಮಗಳಿಗೆ ಲಸಿಕೆ ಹಾಕಿಸಲು ಹೋದ ತಾಯಿ ತನ್ನ ತಪಾಸಣೆಯ ದಿನವನ್ನೂ ಅಂದೇ ಗೊತ್ತುಮಾಡಿಕೊಂಡು ಬರಬೇಕೆಂಬುದು ನನ್ನ ಒತ್ತಾಯ. ಮನೆಯ ಎಲ್ಲರ ಆಸ್ಪತ್ರೆ ಓಡಾಟವನ್ನು ನೆನಪಿಟ್ಟುಕೊಳ್ಳುವ ಹೆಂಗಸು ತನ್ನದನ್ನು ಮಾತ್ರ ಹಬ್ಬ ಮುಗಿಯಲಿ, ಪರೀಕ್ಷೆ ಮುಗಿಯಲಿ, ಸುಗ್ಗಿ ಮುಗಿಯಲಿ ಎಂದು ಮುಂದೆ ತಳ್ಳುತ್ತಾಳೆ. ಲಸಿಕೆ ಪಡೆದವರಿಗೂ ಮುಂದೆ ತಪಾಸಣೆ ಬೇಕು, ಏಕೆಂದರೆ ಲಸಿಕೆಯಲ್ಲಿಲ್ಲದ ಬಗೆಗಳೂ ಇವೆ.

ತಪಾಸಣೆಯಲ್ಲಿ ಮೂರು ವಿಧಾನಗಳಿವೆ. ಸರ್ಕಾರಿ ಕೇಂದ್ರಗಳಲ್ಲಿ 30ರಿಂದ 65 ವರ್ಷದವರಿಗೆ ಐದು ವರ್ಷಕ್ಕೊಮ್ಮೆ ಮಾಡಬೇಕೆಂದು ನಿಗದಿಯಾಗಿರುವುದು ವಿಐಎ: ಗರ್ಭಕಂಠಕ್ಕೆ ತೆಳುವಾದ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದರೆ, ಬದಲಾದ ಜೀವಕೋಶಗಳಿರುವ ಜಾಗ ಬೆಳ್ಳಗೆ ತೋರುತ್ತದೆ. ಫಲಿತಾಂಶ ಅಲ್ಲೇ ತಿಳಿಯುವುದು ಇದರ ದೊಡ್ಡ ಅನುಕೂಲ. ಮುಟ್ಟು ನಿಂತವರಲ್ಲಿ ನೋಡಬೇಕಾದ ಭಾಗ ಒಳಕ್ಕೆ ಸರಿದಿರುವುದರಿಂದ ಅವರಿಗೆ ಇದು ಅಷ್ಟು ಒಪ್ಪುವುದಿಲ್ಲ. ಜೀವಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಸ್ಮಿಯರ್ ಅನ್ನು ಮೂರು ವರ್ಷಕ್ಕೊಮ್ಮೆ ಮಾಡಿಸಬೇಕು. ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆ ಮೂರರಲ್ಲಿ ಹೆಚ್ಚು ನಂಬಬಹುದಾದದ್ದು. 30 ದಾಟಿದವರು ಐದು ವರ್ಷಕ್ಕೊಮ್ಮೆ ಮಾಡಿಸಿದರೆ ಸಾಕು, ಮಾದರಿಯನ್ನು ಮಹಿಳೆ ತಾನೇ ತೆಗೆದು ಕೊಡುವುದಕ್ಕೂ ಅವಕಾಶವಿದೆ. ಬೀದರ್, ಕಲಬುರಗಿಗಳಿಗೆ ಹೊಂದಿಕೊಂಡಿರುವ ಉಸ್ಮಾನಾಬಾದ್ ಜಿಲ್ಲೆಯ, ಅಂದರೆ ಈಗಿನ ಧಾರಾಶಿವದ, ಹಳ್ಳಿಗಳ ಸುಮಾರು 1.31 ಲಕ್ಷ ಮಹಿಳೆಯರನ್ನು ಒಳಗೊಂಡ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದರಲ್ಲಿ ಒಂದೇ ಒಂದು ಬಾರಿ ಎಚ್‌ಪಿವಿ ಪರೀಕ್ಷೆಗೆ ಒಳಪಟ್ಟ ಗುಂಪಿನಲ್ಲಿ ಈ ಕ್ಯಾನ್ಸರ್‌ನ ಸಾವುಗಳು ಸುಮಾರು ಅರ್ಧಕ್ಕೆ ಇಳಿದಿದ್ದವು.

ಮುಟ್ಟು ಮುಗಿದ ಕೆಲವು ದಿನಗಳ ನಂತರ ಹೋಗಿ. ಹಿಂದಿನ ಎರಡು ದಿನ ಸಂಭೋಗ ಬೇಡ, ಯೋನಿಯೊಳಗೆ ಕ್ರೀಮು, ಮಾತ್ರೆ ಇಡುವುದೂ ಬೇಡ. ಪರೀಕ್ಷೆಗೆ ಮುನ್ನ ಮೂತ್ರ ವಿಸರ್ಜಿಸಿ ಬನ್ನಿ. ಕೆಲವೇ ನಿಮಿಷಗಳ ಈ ಪರೀಕ್ಷೆಯಲ್ಲಿ ಕೊಂಚ ಇರುಸುಮುರುಸು ಆಗಬಹುದು, ಹೆಚ್ಚು ನೋವಿರುವುದಿಲ್ಲ. ಮಹಿಳಾ ಸಿಬ್ಬಂದಿಯೇ ಬೇಕೆಂದು ಕೇಳುವುದಕ್ಕೆ ಸಂಕೋಚ ಬೇಡ. ವಿಐಎ ಬಿಟ್ಟರೆ ಉಳಿದ ಎರಡರಲ್ಲೂ ವರದಿ ತಡವಾಗಿ ಬರುತ್ತದೆ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ. ‘ತೊಂದರೆಯಿದ್ದರೆ ಅವರೇ ಫೋನ್ ಮಾಡುತ್ತಾರೆ’ ಎಂದು ಸುಮ್ಮನಿರಬೇಡಿ. ವರದಿ ಯಾವ ದಿನ, ಯಾರ ಬಳಿ ಸಿಗುತ್ತದೆಂದು ಹೊರಡುವ ಮುನ್ನವೇ ಬರೆದುಕೊಂಡು, ಆ ದಿನ ಹೋಗಿ ತನ್ನಿ.

ಸಂಭೋಗದ ನಂತರ ಅಥವಾ ಎರಡು ಮುಟ್ಟುಗಳ ನಡುವೆ ರಕ್ತ ಕಾಣಿಸಿಕೊಂಡರೆ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತಸ್ರಾವವಾದರೆ, ದುರ್ವಾಸನೆಯ ಬಿಳುಪು ಹೋಗುತ್ತಿದ್ದರೆ ತಪಾಸಣೆಯ ಸರದಿಗೆ ಕಾಯದೆ ಕೂಡಲೇ ಸ್ತ್ರೀರೋಗ ತಜ್ಞರನ್ನು ಕಾಣಬೇಕು. ಗರ್ಭಕೋಶ ತೆಗೆಸಿಕೊಂಡವರು ಗರ್ಭಕಂಠವನ್ನೂ ತೆಗೆದಿದ್ದಾರೆಯೇ ಎಂಬುದನ್ನು ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ನೋಡಿಸಬೇಕು. ಉಳಿಸಿದ್ದರೆ ತಪಾಸಣೆ ಮುಂದುವರಿಯಲೇಬೇಕು. ಎಚ್‌ಐವಿ ಇರುವವರು 25ರಿಂದಲೇ ಆರಂಭಿಸಿ, ಮೂರರಿಂದ ಐದು ವರ್ಷಕ್ಕೊಮ್ಮೆ ಮಾಡಿಸಬೇಕು.

ತಪಾಸಣೆಯಲ್ಲಿ ದೋಷ ಕಂಡುಬಂದರೆ ಅದು ಕ್ಯಾನ್ಸರ್ ಎಂದಲ್ಲ. ಕಾಲ್ಪೋಸ್ಕೋಪ್ ಎಂಬ ಉಪಕರಣದಿಂದ ಗರ್ಭಕಂಠ ದೊಡ್ಡದಾಗಿ ಕಾಣುವಂತೆ ಮಾಡಿ ನೋಡುತ್ತಾರೆ, ಬೇಕಾದರೆ ಚೂರು ಅಂಗಾಂಶ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಯಾಗಿದ್ದರೆ, ಆ ಜಾಗವನ್ನಷ್ಟೇ ಶಾಖದಿಂದ ಸುಡುವುದೋ ಶೀತದಿಂದ ನಾಶಪಡಿಸುವುದೋ ತೆಳುವಾಗಿ ಕತ್ತರಿಸಿ ತೆಗೆಯುವುದೋ ಸಾಕಾಗುತ್ತದೆ. ಹೆಚ್ಚಿನವರು ಅಂದೇ ಮನೆಗೆ ಮರಳುತ್ತಾರೆ. ಇದಕ್ಕಾಗಿ ಗರ್ಭಕೋಶವನ್ನೇ ತೆಗೆಯಬೇಕೆಂದು ಯಾರಾದರೂ ಅವಸರಪಡಿಸಿದರೆ, ಜಿಲ್ಲಾ ಆಸ್ಪತ್ರೆಯಲ್ಲೋ ಬೆಂಗಳೂರಿನ ಕಿದ್ವಾಯಿಯಂತಹ ಕ್ಯಾನ್ಸರ್ ಸಂಸ್ಥೆಯಲ್ಲೋ ಎರಡನೆಯ ಅಭಿಪ್ರಾಯ ಪಡೆಯಿರಿ. ಚಿಕಿತ್ಸೆಯ ನಂತರ ಕೆಲವು ವಾರ ನೀರಿನಂತಹ ಸ್ರಾವ ಇರುತ್ತದೆ; ಸುಮಾರು ಒಂದು ತಿಂಗಳು ಸಂಭೋಗ ಬೇಡ. ಸರಿಯಾಗಿ ಹನ್ನೆರಡು ತಿಂಗಳಿಗೆ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕು, ಆ ದಿನಾಂಕವನ್ನು ಚಿಕಿತ್ಸೆಯ ದಿನವೇ ಆಸ್ಪತ್ರೆಯ ಚೀಟಿಯ ಮೇಲೆ ಬರೆಸಿಕೊಳ್ಳಿ.