ಕೋಡ್‌ನಲ್ಲಿ ಸಾಲ ಮಾಡುವುದಾದರೆ ಹೀಗೆ ಮಾಡಿ

ಚಿಕ್ಕಮಗಳೂರಿನಲ್ಲಿ ಕಾಫಿ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕೆಲಸ. ನವೆಂಬರ್ ಹೊತ್ತಿಗೆ ಅರೇಬಿಕಾ ಕೊಯ್ಲು ಶುರುವಾಗುತ್ತದೆ. ಅಷ್ಟರೊಳಗೆ ತೂಕ, ಬಿಲ್ಲು ಎಲ್ಲ ನಡೆಯಲೇಬೇಕು. ಹಾಗಾಗಿ ಟೆಕ್ನಿಕಲ್ ಡೆಟ್, ಅಂದರೆ ಸದ್ಯಕ್ಕೆ ಶಾರ್ಟ್‌ಕಟ್ ಹಿಡಿದು ಆಮೇಲೆ ಸರಿಮಾಡಬೇಕಾದ ಕೋಡ್, ಬೇಡವೇ ಬೇಡ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸಾಲ ಮಾಡಿ. ಯಾಕೆ ಮಾಡಿದಿರಿ, ಯಾವಾಗ ತೀರಿಸುತ್ತೀರಿ ಅಂತ ಗೊತ್ತಿದ್ದು ಮಾಡಿ.

ಇದನ್ನು ಸಾಲಕ್ಕೆ ಹೋಲಿಸಿದವರು ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್, 1992ರಲ್ಲಿ. ಅವರದೂ ಹಣಕಾಸಿನ ಸಾಫ್ಟ್‌ವೇರೇ. ಸಣ್ಣ ಸಾಲದಿಂದ ಕೆಲಸ ಬೇಗ ಸಾಗುತ್ತದೆ, ತೀರಿಸದೆ ಬಿಟ್ಟರೆ ಅಪಾಯ ಅನ್ನುವುದು ಅವರ ಮಾತಿನ ತಿರುಳು.

ನಮ್ಮದೇ ಒಂದು ಸಾಲ ನೋಡಿ. ಅರೇಬಿಕಾ, ರೋಬಸ್ಟಾ, ಎರಡರಲ್ಲೂ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ್ದು), ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು). ಈ ನಾಲ್ಕು ಬಗೆಯನ್ನು ನೇರವಾಗಿ ಕೋಡ್‌ನಲ್ಲೇ ಬರೆದೆವು. ವ್ಯಾಪಾರಿಯೇ ಐಟಂ ಸೇರಿಸಿಕೊಳ್ಳುವ ಸ್ಕ್ರೀನ್ ಮಾಡಲು ಟೈಮ್ ಇರಲಿಲ್ಲ. ಆದರೆ ಕಾಫಿಯ ಬೆನ್ನಿಗೇ ತೋಟದವರು ಕಾಳುಮೆಣಸು ತರುತ್ತಾರೆ, ಅಲ್ವಾ? ಅದನ್ನು ಸೇರಿಸಬೇಕೆಂದರೆ ಬಿಲ್, ಸ್ಟಾಕ್, ರಿಪೋರ್ಟ್ ಮೂರೂ ಕಡೆ ಕೈ ಹಾಕಬೇಕು. ಬಡ್ಡಿ ಅಂದರೆ ಇದೇ.

ಶಾರ್ಟ್‌ಕಟ್ ಹಿಡಿದ ದಿನವೇ ಟಿಕೆಟ್ ಹಾಕಿ, ಅಂದರೆ ಬಾಕಿ ಕೆಲಸಗಳ ಪಟ್ಟಿಯಲ್ಲಿ ಬರೆದಿಡಿ. ಸುಮ್ನೆ ‘ಆಮೇಲೆ ಸರಿಮಾಡಬೇಕು’ ಅಂತ ಕಾಮೆಂಟ್ ಬರೆದಿಟ್ಟರೆ ಯಾರೂ ತಿರುಗಿ ನೋಡುವುದಿಲ್ಲ. ನಾವು ಬರೆದದ್ದು ಹೀಗೆ: “ನಾಲ್ಕು ಬಗೆ ಕೋಡ್‌ನಲ್ಲೇ ಇವೆ. ಕಾರಣ: ಕೊಯ್ಲಿಗೆ ಮುಂಚೆ ಕೊಡಬೇಕು. ಬಡ್ಡಿ: ಹೊಸ ಐಟಂಗೆ ಮೂರು ಕಡೆ ತಿದ್ದಬೇಕು. ತೀರಿಸುವುದು: ಯಾರಾದರೂ ಮೆಣಸು ಕೇಳಿದಾಗ, ಇಲ್ಲವೇ ಮಳೆಗಾಲದಲ್ಲಿ. ಯಾವುದು ಮೊದಲೋ ಅದು.” ಇದನ್ನು ವ್ಯಾಪಾರಿಗೂ ಓದಿ ಹೇಳಿ. ದುಡ್ಡು ಕೊಡುವವರಿಗೆ ಬಡ್ಡಿಯ ಲೆಕ್ಕ ಬೇಗ ಅರ್ಥವಾಗುತ್ತದೆ.

ತೂಕ ಮತ್ತು ದುಡ್ಡಿನ ಲೆಕ್ಕದಲ್ಲಿ ಮಾತ್ರ ಸಾಲ ಬೇಡ. ದಶಮಾಂಶ ಸಂಖ್ಯೆಗಳನ್ನು ಅಂದಾಜಾಗಿ ಇಡುವ ‘ಫ್ಲೋಟ್’ ಬಳಸಿದರೆ 0.1ಕ್ಕೆ 0.2 ಕೂಡಿಸಿದಾಗ ಸರಿಯಾಗಿ 0.3 ಬರುವುದಿಲ್ಲ. ಧಾರಣೆ 50 ಕೆಜಿ ಮೂಟೆಗೆ, ತೂಕ ಬರುವುದು ಬಿಡಿ ಕೆಜಿ, ಗ್ರಾಂಗಳಲ್ಲಿ. ಮೇಲೆ ತೇವಾಂಶಕ್ಕೆ ಕಡಿತ, ಮುಂಗಡ ಮುರಿದುಕೊಳ್ಳುವುದು ಬೇರೆ. ದುಡ್ಡನ್ನು ಪೈಸೆಯಲ್ಲಿ, ತೂಕವನ್ನು ಗ್ರಾಂನಲ್ಲಿ ಪೂರ್ಣಸಂಖ್ಯೆಯಾಗಿಯೇ ಇಡಿ. ಬೆಳೆಗಾರರ ಕೈಗೆ ಹೋದ ಬಿಲ್ಲನ್ನು ಮಳೆಗಾಲದಲ್ಲಿ ಕೂತು ತಿದ್ದಲಾಗುವುದಿಲ್ಲ.

ತೀರಿಸುವಾಗ ಹೊಸ ಕೋಡ್ ಪರೀಕ್ಷಿಸಲು ಹಳೆಯ ಸೀಸನ್ನಿನ ಬಿಲ್ಲುಗಳನ್ನೇ ಬಳಸಿ. ಹೊಸ ಕೋಡ್‌ನಲ್ಲೂ ಪೈಸೆ ಪೈಸೆಗೂ ಅದೇ ಮೊತ್ತ ಬರಬೇಕು. ಬಂದ ಮೇಲೆ ಹಳೆಯ ಕೋಡ್ ಅಳಿಸಿ, ಟಿಕೆಟ್ ಮುಚ್ಚಿ.