ಆಸ್ತಿಯ ಕಾದಂಬರಿಗೆ ಮೊದಲು ಆಸ್ತಿಯ ಹಾಳೆ

ಮನೆತನದ ಗುಟ್ಟು, ಆಸ್ತಿ, ಮುರಿದ ಸಂಬಂಧ ಇಟ್ಟುಕೊಂಡು ಕಾದಂಬರಿಗೆ ಕೂತವರು ಸಾಮಾನ್ಯವಾಗಿ ಗುಟ್ಟಿನಿಂದ ಶುರು ಮಾಡುತ್ತಾರೆ. ನೂರು ಪುಟ ದಾಟುವಷ್ಟರಲ್ಲಿ ಕಥೆ ಕುಂಟುತ್ತದೆ. ಗುಟ್ಟು ಬಯಲಾದರೆ ಯಾರಿಗೆ ಎಷ್ಟು ಗುಂಟೆ ಕೈತಪ್ಪುತ್ತದೆ ಎಂಬುದು ಬರೆಯುವವರಿಗೇ ಗೊತ್ತಿರುವುದಿಲ್ಲ.

ಹಾಗಾಗಿ ಮೊದಲು ಆಸ್ತಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ. ನಾಲ್ಕೆಕರೆ ಅಡಿಕೆ ತೋಟ, ಊರಲ್ಲೊಂದು ಮನೆ, ಬೆಂಗಳೂರಲ್ಲೊಂದು 30×40 ಸೈಟು, ಇಷ್ಟು ಸಾಕು. ಪ್ರತಿಯೊಂದರ ಮುಂದೆ ಯಾವ ವರ್ಷ ಬಂತು, ಯಾರ ದುಡ್ಡು, ಪಹಣಿಯಲ್ಲೋ ಖಾತೆಯಲ್ಲೋ ಯಾರ ಹೆಸರು, ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂದು ನಮೂದಿಸಿ. ಅಡಿಕೆ ಮಾರಿದ ದುಡ್ಡಲ್ಲಿ ಸೈಟು ಕೊಂಡು ಹಿರಿಮಗನ ಹೆಸರಿಗೆ ಮಾಡಿಸಿದ್ದರೆ ಅರ್ಧ ಕಾದಂಬರಿ ಅಲ್ಲೇ ಇದೆ. ತೋಟ ಹಿಂದೆ ಗೇಣಿಯದಾಗಿದ್ದರೆ, 1974ರ ಭೂಸುಧಾರಣೆಯ ನಂತರ ಭೂಮಿಯ ಒಡೆತನ ಕೋರಿ ಗೇಣಿದಾರರು ಹಾಕುತ್ತಿದ್ದ ಏಳನೇ ನಮೂನೆ ಅರ್ಜಿ ಹಾಕಿದ್ದು ಯಾರು, ತನಗಾಗಿಯೋ ಇಡೀ ಮನೆಗಾಗಿಯೋ ಎಂಬುದನ್ನೂ ಬರೆದುಕೊಳ್ಳಿ.

ಹೆಣ್ಣುಮಕ್ಕಳ ಮದುವೆಯ ತಾರೀಖನ್ನು ಅಂದಾಜಿಗೆ ಬಿಡಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 30-7-1994ರಂದು ಜಾರಿಗೆ ಬಂದಾಗ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಸಿಕ್ಕಿತು, ಆದರೆ ಆ ದಿನಕ್ಕೆ ಮೊದಲೇ ಮದುವೆಯಾದವಳಿಗೆ ಸಿಗಲಿಲ್ಲ. ಅಕ್ಕನ ಮದುವೆ 1992ರಲ್ಲಿ, ತಂಗಿಯದು 1996ರಲ್ಲಿ ಎಂದಿಟ್ಟರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರ ನಡುವೆ ಕಾನೂನೇ ಗೆರೆ ಎಳೆದಂತಾಯಿತು. 2005ರ ಕೇಂದ್ರ ತಿದ್ದುಪಡಿ ಆ ಗೆರೆಯನ್ನು ಅಳಿಸಿತು. ಆದರೆ 20-12-2004ಕ್ಕೆ ಮೊದಲೇ ನೋಂದಣಿಯಾಗಿದ್ದ ಆಸ್ತಿ ವಿಭಾಗ ಹಾಗೇ ಉಳಿಯಿತು. ಹನ್ನೊಂದು ವರ್ಷ ಅಕ್ಕ ಏನು ನುಂಗಿಕೊಂಡಳು ಎಂಬುದನ್ನು ಬರೆಯಲು ಧಾರಾಳ ಜಾಗವಿದೆ.

ಗುಟ್ಟು ಕಾಗದದ ಮೇಲಿರಲಿ, ಆದರೆ ಸುಲಭಕ್ಕೆ ಸಿಗದ ಕಾಗದದ ಮೇಲೆ. ಋಣಭಾರ ಪತ್ರದಲ್ಲಿ ನೋಂದಣಿಯಾದ ಕ್ರಯ, ಅಡಮಾನ, ಪಾಲುಪಾರೀಕತ್ತು ಎಲ್ಲ ಕಾಣುತ್ತವೆ. ಕೈಸಾಲ ಕಾಣುವುದಿಲ್ಲ, ನೋಂದಣಿಯಾಗದ ಉಯಿಲೂ ಕಾಣುವುದಿಲ್ಲ. ಉಯಿಲಿಗೆ ಛಾಪಾಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳಿದ್ದರೆ ಆಯಿತು. ಇಲ್ಲಿ ಬಹಳ ಜನ ಎಡವುತ್ತಾರೆ: ಅಪ್ಪ ಪಿತ್ರಾರ್ಜಿತ ತೋಟವನ್ನೆಲ್ಲ ಒಬ್ಬನಿಗೇ ಬರೆದಿಟ್ಟ ಎಂದು ಕಥೆ ಕಟ್ಟುತ್ತಾರೆ. ಅವನು ಬರೆಯಬಹುದಾದದ್ದು ಅವನ ಪಾಲನ್ನು ಮಾತ್ರ. ಈ ತಪ್ಪನ್ನು ಪಾತ್ರ ಮಾಡಲಿ, ನೀವು ಮಾಡಬೇಡಿ.

ಇನ್ನೂ ಗಟ್ಟಿ ಗುಟ್ಟು ಬೇಕಿದ್ದರೆ ವಂಶವೃಕ್ಷ ನೋಡಿ. ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆಂದು ನಾಡಕಚೇರಿಗೆ ಕೊಟ್ಟ ವಂಶವೃಕ್ಷದಲ್ಲಿ ಎರಡನೇ ಸಂಸಾರದ ಹೆಸರುಗಳಿಲ್ಲ ಎನ್ನಿ. ಬಿಟ್ಟವರು ಯಾರು? ಸ್ಥಳದಲ್ಲೇ ವಿಚಾರಿಸಿ ಬರೆದುಕೊಳ್ಳುವ ಮಹಜರಿನ ದಿನ ಸುಮ್ಮನಿದ್ದ ನೆರೆಯವರು ಯಾರು? ಕಾನೂನು ಒಪ್ಪದ ಎರಡನೇ ಮದುವೆಯ ಮಕ್ಕಳಿಗೂ ತಂದೆಯ ಪಾಲಿಗೆ ಬಂದದ್ದರಲ್ಲಿ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ರೇವಣಸಿದ್ದಪ್ಪ ಪ್ರಕರಣದಲ್ಲಿ ಹೇಳಿದೆ. ಅದಕ್ಕೆ ಹಿಂದಿನ ಕಥೆಯಾದರೆ ವಕೀಲನ ಬಾಯಲ್ಲಿ ಇಷ್ಟು ಖಚಿತ ಮಾತು ಹಾಕಬೇಡಿ.

ಆಮೇಲೆ ಒಂದು ಪಟ್ಟಿ. ಅಡ್ಡಕ್ಕೆ ಅಧ್ಯಾಯಗಳು, ಉದ್ದಕ್ಕೆ ಪಾತ್ರಗಳು. ಪ್ರತಿ ಚೌಕದಲ್ಲಿ ಆ ಹೊತ್ತಿಗೆ ಅವರಿಗೆ ಗೊತ್ತಿರುವುದು, ಗೊತ್ತಿಲ್ಲವೆಂದು ನಟಿಸುತ್ತಿರುವುದು. ಐದಾರು ಜನಕ್ಕಿಂತ ಹೆಚ್ಚಾದರೆ ಪಟ್ಟಿ ಕೈಮೀರುತ್ತದೆ. ಸಾಯುವ ಮುದುಕಿಯಿಂದ ಎಲ್ಲವನ್ನೂ ಹೇಳಿಸಬೇಡಿ. ಆಗ ಯಾರೂ ಏನನ್ನೂ ಹುಡುಕಬೇಕಾಗಿಲ್ಲ, ಅವಳ ಮೌನದ ಕಾರಣವೂ ಅವಳೊಂದಿಗೇ ಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಸಹಿಯ ದಿನಕ್ಕೆ. ಉಪನೋಂದಣಿ ಕಚೇರಿ. ಮಗಳು ಹಕ್ಕು ಬಿಡುಗಡೆ ಪತ್ರಕ್ಕೆ ಬಂದಿದ್ದಾಳೆ. ‘ಅರಿಶಿನ ಕುಂಕುಮಕ್ಕೆ’ ಎಂದು ಅಣ್ಣ ಕೊಟ್ಟ ಲಕೋಟೆ ಬ್ಯಾಗಿನಲ್ಲಿದೆ. ಕ್ಯಾಮೆರಾ ಮುಂದೆ ಕೂತು ಫೋಟೊ ತೆಗೆಸಿಕೊಂಡು, ಹೆಬ್ಬೆರಳನ್ನು ಗಾಜಿನ ಮೇಲೆ ಒತ್ತುತ್ತಾಳೆ. ಮೊದಲ ಸಲ ಗುರುತು ಮೂಡುವುದಿಲ್ಲ, ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ಇಲ್ಲಿ ಅವಳ ಮನಸ್ಸನ್ನು ವಿವರಿಸಲು ಹೋಗಬೇಡಿ. ಅಲ್ಲಿಂದಾಚೆ ಅವಳ ಮಾತಿನಲ್ಲಿ ‘ಅಣ್ಣ’ ಹೋಗಿ ‘ಅವರು’ ಬರಲಿ, ತವರಿಗೆ ಬಂದಾಗ ಅಡುಗೆಮನೆಗೆ ಹೋಗದೆ ಜಗಲಿಯಲ್ಲೇ ಕೂರಲಿ.